ಕತ್ತಿನ ಕೆಳಗಿನ ಮಾತು

ಮಾರ್ಚ್ 3, ಭಾನುವಾರ

ಬರೆಯಲು ಕೂತಿದ್ದೇನೆ. ಐದನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಅಕ್ಷರ ಸೊಟ್ಟ ಬಂದರೆ ಬರಲಿ. ಇದನ್ನು ಓದುವವರು ಯಾರೂ ಇಲ್ಲ. ನನಗೆ ಬಿ.ಪಿ. ಇದೆಯಂತೆ, ಸಿಟ್ಟನ್ನು ಒಳಗೆ ಇಟ್ಟುಕೊಳ್ಳಬೇಡಿ ಎಂದರು ಡಾಕ್ಟರು. ಹೊರಗೆ ಹಾಕುವುದು ಎಲ್ಲಿ? ನನ್ನ ಗಂಡ ಹುಟ್ಟಾ ಕಿವುಡರು. ಮದುವೆಯಾದಾಗಿನಿಂದ ಅವರ ಬೆನ್ನ ಹಿಂದೆ ನಿಂತು ಬಾಯಿ ತುಂಬ ಬೈದಿದ್ದೇನೆ, ಒಂದೂ ತಲುಪಿಲ್ಲ. ಎದುರಿಗೆ ನಿಂತು ಕೈಯಲ್ಲಿ ಬೈಯೋಣವೆಂದರೆ ಮುಖ ಆ ಕಡೆ ತಿರುಗಿಸಿಬಿಡುತ್ತಾರೆ. ಅಲ್ಲಿಗೆ ಜಗಳ ಮುಗಿಯಿತು. ಮಕ್ಕಳಾದರೂ ಇದ್ದಿದ್ದರೆ ಅವರ ಮೇಲೆ ಹರಿಹಾಯಬಹುದಿತ್ತು. ಅದೂ ಇಲ್ಲ.

ಇವತ್ತಿನ ಸಿಟ್ಟು ಟಿವಿಯವರ ಮೇಲೆ. ಬೆಳಿಗ್ಗೆ ಒಂದು ಪ್ಯಾಂಟಿನ ಜಿಪ್ ಬಿಚ್ಚುತ್ತಾ ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದೆ. ಕೇಬಲ್ ಚಾನೆಲ್ಲಿನ ಹುಡುಗಿಯೊಬ್ಬಳು ಬಾಗಿಲಲ್ಲಿ ನಿಂತಳು. ತಂತಿ ಸರಿಮಾಡಲು ಬಂದಿದ್ದವನು ನಮ್ಮ ವಿಷಯ ಹೇಳಿದನಂತೆ.

"ಅಜ್ಜಿ, 'ಎಲ್ಲರ ಅಂಗಳ' ನೋಡ್ತೀರಲ್ಲ? ಭಾನುವಾರ ಸಾಯಂಕಾಲ ಬರುತ್ತೆ."

"ನೋಡಲ್ಲ."

"ಪ್ರತಿ ವಾರ ಒಬ್ಬೊಬ್ಬರನ್ನ ತೋರಿಸ್ತೀವಿ. ಹೋದ ವಾರ ಹೊಳೆಯಾಚೆಯಿಂದ ಬಂದಿರೋರ ಭಾಷೆ ಹಾಡು. ಅದರ ಹಿಂದಿನ ವಾರ ಕಣ್ಣು ಕಾಣದ ಮೇಷ್ಟ್ರು. ಈ ಸಲ ಮೂಗರು ಬೇಕಿತ್ತು."

"ತರಕಾರಿ ಕೊಳ್ಳೋಕೆ ಬಂದವಳ ಹಾಗೆ ಹೇಳ್ತೀಯಲ್ಲಮ್ಮಾ. ನಮ್ಮನೇಲಿರೋದು ಒಬ್ಬರೇ, ಅದೂ ಸ್ವಲ್ಪ ಬಾಡಿದೆ."

ಹುಡುಗಿ ನಕ್ಕಳು. ನಗುವುದನ್ನು ನೋಡಿದರೆ ಕೆಟ್ಟವಳಲ್ಲ. ಆದರೆ ಎಲ್ಲರ ಅಂಗಳವಂತೆ. ಎಲ್ಲರೂ ಎಂದರೆ ಯಾರು? ತಮ್ಮನ್ನು ಬಿಟ್ಟು ಉಳಿದವರು.

ಇವರು ಒಳಗಿನಿಂದ ಕಾಲೆಳೆದುಕೊಂಡು ಬಂದರು. ಹೃದಯ ದೊಡ್ಡದಾಗಿದೆ ಎಂದು ಹೇಳಿದ್ದಾರೆ, ಪಾದ ಊದಿಕೊಂಡಿರುತ್ತದೆ, ನಾಲ್ಕು ಹೆಜ್ಜೆಗೆ ಉಸಿರು ಸಾಲದು. ಯಾವತ್ತಾದರೂ ಅಡ್ಮಿಟ್ ಮಾಡಬೇಕಾಗಬಹುದು, ತಯಾರಾಗಿರಿ ಎಂದಿದ್ದಾರೆ. ಹುಡುಗಿ ಹೇಳಿದ್ದನ್ನು ನಾನು ಸೊಂಟದ ಕೆಳಗೇ ಕೈಯಲ್ಲಿ ತಿಳಿಸಿದೆ. ಹೊರಗಿನವರ ಮುಂದೆ ನಾನು ಕೈ ಮೇಲೆತ್ತುವುದಿಲ್ಲ. ಬೀದಿಯಲ್ಲಿ ಕೈ ಬೀಸಿ ಮಾತಾಡಿದರೆ ಜನ ಕೋತಿ ಆಟ ನೋಡಿದ ಹಾಗೆ ನಿಂತು ನೋಡುತ್ತಾರೆ. ಇವರಿಗೆ ಅದೆಲ್ಲ ಇಲ್ಲ. ಮುಖ ಅರಳಿತು. ಅಲ್ಲೇ ನಿಂತು ಏನೇನೋ ಹೇಳಿದರು, ತೋಳು ಚಾಚಿ, ಎದೆ ಮುಟ್ಟಿಕೊಂಡು, ಅವಳನ್ನು ತೋರಿಸಿ, ಬೀದಿಯನ್ನು ತೋರಿಸಿ.

"ಏನಂದ್ರು ಅಜ್ಜಿ?"

"ಆಗಲಿ ಅಂದ್ರು."

"ಅಷ್ಟು ಹೊತ್ತು ಮಾತಾಡಿದ್ರು, ನೀವು ಒಂದೇ ಪದ ಹೇಳಿದ್ರಿ!"

"ಅಷ್ಟೇ ಅದರ ಅರ್ಥ," ಎಂದೆ. ಪ್ರತಿಯೊಂದನ್ನೂ ಬಿಡಿಸಿ ಹೇಳುತ್ತಾ ಕೂತರೆ ಜಿಪ್ ಹಾಕುವವರು ಯಾರು?

ಮಾರ್ಚ್ 5, ಮಂಗಳವಾರ

ಮನೆಯಲ್ಲಿ ಸಂತೆ. ಇವರ ಹಳೆಯ ಗೆಳೆಯರು ಇಬ್ಬರೂ ಬಂದು ಕೂತಿದ್ದಾರೆ, ಗುಂಡಿ ಮತ್ತು ಮೀಸೆ. ಅವು ಅವರ ನಿಜ ಹೆಸರಲ್ಲ, ಕೈಯಲ್ಲಿ ಕರೆಯುವ ಹೆಸರು. ಒಬ್ಬನು ಅಂಗಿಯ ಗುಂಡಿಯನ್ನು ಕತ್ತಿನವರೆಗೂ ಹಾಕಿಕೊಳ್ಳುತ್ತಾನೆ, ಕತ್ತಿನ ಹತ್ತಿರ ಬೆರಳು ಚಿವುಟಿದರೆ ಅವನು ಎಂದರ್ಥ. ಇನ್ನೊಬ್ಬನಿಗೆ ಈಗ ಮೀಸೆ ಇಲ್ಲ, ಹೆಸರು ಉಳಿದಿದೆ. ನನಗೆ ಬೆಂಕಿ ಎಂದು ಇಟ್ಟಿದ್ದಾರೆ. ಗಲ್ಲದ ಪಕ್ಕ ಬೆರಳುಗಳನ್ನು ಉರಿಯ ಹಾಗೆ ಕುಣಿಸುತ್ತಾರೆ. ಯಾಕೆ ಎಂದು ನಾನು ಕೇಳಿಲ್ಲ.

ಎಲ್ಲರೂ ಒಂದೇ ಅಚ್ಚುಕೂಟದಲ್ಲಿ ಇದ್ದವರು. ಯಂತ್ರದ ಸದ್ದಿಗೆ ಕಿವಿ ಇದ್ದವರು ನಿಲ್ಲುತ್ತಿರಲಿಲ್ಲ, ಅದಕ್ಕೆ ಮಾಲೀಕ ಕಿವಿ ಇಲ್ಲದವರನ್ನೇ ಹುಡುಕಿ ಸೇರಿಸಿದ್ದ. ಇವರು ಮೊಳೆ ಜೋಡಿಸುತ್ತಿದ್ದರು. ಅಕ್ಷರಗಳನ್ನು ಒಂದೊಂದಾಗಿ ಎತ್ತಿ ಪುಟ ಕಟ್ಟುವ ಕೆಲಸ. ಊರಿನ ಸುದ್ದಿಯೆಲ್ಲ ಇವರ ಬೆರಳಲ್ಲಿ ಹೋಗಿದೆ. ಆದರೆ ತಾವೇ ನಾಲ್ಕು ಸಾಲು ಬರೆಯಿರಿ ಎಂದರೆ ಪದಗಳು ಹಿಂದುಮುಂದಾಗುತ್ತವೆ. ಇವರ ಮಾತು ಇರುವುದು ಕೈಯಲ್ಲಿ, ಕಾಗದದಲ್ಲಿ ಅಲ್ಲ.

ಮೂವರೂ ಸೇರಿ ಟಿವಿಯಲ್ಲಿ ಏನು ಹೇಳಬೇಕು ಎಂದು ಜಗಳಾಡುತ್ತಿದ್ದರು. ಸದ್ದಿಲ್ಲದ ಜಗಳ ಎಂದು ನೆಮ್ಮದಿ ಏನಿಲ್ಲ, ಒಬ್ಬರನ್ನೊಬ್ಬರು ಕರೆಯಲು ನೆಲಕ್ಕೆ ಕಾಲು ಒದೆಯುತ್ತಾರೆ, ಮೇಜು ಬಡಿಯುತ್ತಾರೆ, ಲೈಟು ಹಾಕಿ ಆರಿಸಿ ಮಾಡುತ್ತಾರೆ. ಕೆಳಗಿನ ಮನೆಯವಳು ಬಂದು ಸೀಲಿಂಗ್ ಉದುರುತ್ತದೆ ಎಂದು ಹೇಳಿಹೋದಳು.

ಕೊನೆಗೆ ಇತ್ಯರ್ಥವಾಯಿತು. ಕೊಕ್ಕರೆಯ ವಿಷಯ ಹೇಳುವುದಂತೆ. ಕೊಕ್ಕರೆ ಎಂದರೆ ಇವರ ಜತೆಗಾರ, ಉದ್ದ ಕತ್ತಿನವನು, ಹೋದ ವರ್ಷ ಆಸ್ಪತ್ರೆಯಲ್ಲಿ ತೀರಿಕೊಂಡ. ಕೈ ಬೀಸುತ್ತಾನೆ ಎಂದು ಅವನ ಕೈಗಳನ್ನು ಮಂಚಕ್ಕೆ ಕಟ್ಟಿದ್ದರು. ಹಾಗೇ ಹೋದ.

ನಾನು ಅಡ್ಡ ಹೋಗಿ ನಿಂತೆ. "ಅದೆಲ್ಲ ಟಿವಿಯಲ್ಲಿ ಹೇಳೋದು ಬೇಡ. ನಾಳೆ ಅದೇ ಆಸ್ಪತ್ರೆಗೆ ನೀವು ಹೋಗಬೇಕು."

"ಅದಕ್ಕೇ ಹೇಳಬೇಕು," ಎಂದರು ಇವರು.

ಮಾರ್ಚ್ 9, ಶನಿವಾರ

ಟಿವಿಯವರು ಬಂದರು, ದೀಪ ಹಚ್ಚಿದರು, ಮನೆಯನ್ನು ಮೊಗುಚಿ ಹಾಕಿದರು. ನನ್ನ ಮಿಷನ್ನನ್ನು ಬಚ್ಚಲ ಬಾಗಿಲಿಗೆ ತಳ್ಳಿದರು. ಇವರು ಬೆಳಗಿನಿಂದ ಇಸ್ತ್ರಿ ಅಂಗಿ ಹಾಕಿಕೊಂಡು ಸುಕ್ಕಾಗಬಾರದೆಂದು ಒರಗದೆ ಕೂತಿದ್ದರು.

ಹುಡುಗಿ ಕೇಳುವುದು, ನಾನು ಕೈಯಲ್ಲಿ ತಿಳಿಸುವುದು, ಇವರು ಹೇಳುವುದು, ನಾನು ಬಾಯಲ್ಲಿ ಹೇಳುವುದು. ನನ್ನ ದನಿ ಮಾತ್ರ ಬೇಕು, ಮುಖ ಬೇಡ ಎಂದರು. ಒಳ್ಳೆಯದೇ ಆಯಿತು. ಕ್ಯಾಮೆರಾದವನು ಮಾತ್ರ ಹತ್ತಿರ ಹತ್ತಿರ ಬರುತ್ತಲೇ ಇದ್ದ. "ಏನು ಮುಖ ಅಜ್ಜಾ ನಿಮ್ದು! ಎಷ್ಟು ಭಾವ!" ಎಂದು ಕಿವುಡರಿಗೆ ಕೂಗಿ ಹೇಳುತ್ತಿದ್ದ.

ಅಚ್ಚುಕೂಟದ್ದು ಸ್ವಲ್ಪ ಕೇಳಿದಳು, ಮದುವೆಯದ್ದು ಸ್ವಲ್ಪ. ಆಮೇಲೆ, "ನೋಡೋರಿಗೆ ಏನು ಹೇಳೋಕೆ ಇಷ್ಟಪಡ್ತೀರಿ?" ಎಂದಳು.

ಇವರು ಶುರು ಮಾಡಿದರು. ಉಸಿರು ಸಾಲದೆ ನಡುನಡುವೆ ಎದೆ ಹಿಡಿದುಕೊಂಡು ಮತ್ತೆ ಮುಂದುವರಿದರು. ಕೊಕ್ಕರೆಯನ್ನು ನೋಡಲು ಹೋದದ್ದು, ಹೊದಿಕೆ ಎತ್ತಿದ್ದು, ಗಂಟು, ವಾರ್ಡಿನವನು, ಎಲ್ಲ. ಕೊನೆಗೆ ಎರಡೂ ಮಣಿಕಟ್ಟು ಸೇರಿಸಿ ತೋರಿಸಿ, ಬಿಡಿಸಿ, ಅಂಗೈ ಮುಂದೆ ಚಾಚಿ ಕೂತರು. ಹುಡುಗಿ ನನ್ನ ಮುಖ ನೋಡಿದಳು.

"ಅವರ ಗೆಳೆಯನೊಬ್ಬ ಆಸ್ಪತ್ರೆಯಲ್ಲಿ ತೀರಿಕೊಂಡ. ತುಂಬ ಬೇಜಾರು ಅವರಿಗೆ," ಎಂದೆ.

ಆಸ್ಪತ್ರೆಯ ಚೀಟಿಗಳು ಮೇಜಿನ ಮೇಲೇ ಇದ್ದವು. ಟಿವಿಯಲ್ಲಿ ದೂರು ಹೇಳಿ ಆಮೇಲೆ ಅಲ್ಲಿ ಹೋಗಿ ನಿಂತರೆ ಆ ಡಾಕ್ಟರು ತಲೆಯೆತ್ತಿ ನೋಡುತ್ತಾರೆಯೇ? ಬುದ್ಧಿ ಇರುವವರು ಯಾರಾದರೂ ಹೀಗೇ ಮಾಡುತ್ತಾರೆ.

ಇವರು ನನ್ನ ತುಟಿ ನೋಡುತ್ತಿದ್ದರು. "ಎಲ್ಲ ಹೇಳಿದೆಯಾ?" ಎಂದು ಕೇಳಿದರು. ಹೇಳಿದೆ ಎಂದೆ.

ಮಾರ್ಚ್ 17, ಭಾನುವಾರ

ಮೈಯೆಲ್ಲ ಉರಿಯುತ್ತಿದೆ.

ಗುಂಡಿ, ಮೀಸೆ ಇಬ್ಬರೂ ಹೆಂಡತಿಯರನ್ನು ಕರೆದುಕೊಂಡು ಹೊತ್ತಿಗೆ ಮೊದಲೇ ಬಂದರು. ಮೀಸೆಯ ಹೆಂಡತಿಯೂ ಕಿವುಡಿ. ಟಿವಿ ಮುಂದೆ ಎಲ್ಲ ಮಕ್ಕಳ ಹಾಗೆ ನೆಲದ ಮೇಲೆ ಕೂತರು. ಇವರು ಕುರ್ಚಿಯಲ್ಲಿ, ಮದುವೆ ಗಂಡಿನ ಹಾಗೆ.

ಬಂತು. ಪರದೆ ತುಂಬ ಇವರ ಮುಖ. ಹಣೆ, ಕಣ್ಣು, ಮೂಗಿನ ಪಕ್ಕದ ನರಹುಲಿ, ಕತ್ತಿನವರೆಗೆ. ಅಷ್ಟೇ. ಕೈ ಬರುತ್ತದೆ, ಕೈ ಬರುತ್ತದೆ ಎಂದು ಕಾದೆವು. ಬರಲಿಲ್ಲ. ಹುಬ್ಬು ಏರುತ್ತದೆ, ಇಳಿಯುತ್ತದೆ, ಭುಜ ಅಲ್ಲಾಡುತ್ತದೆ, ಒಂದೆರಡು ಸಲ ಬೆರಳ ತುದಿ ಕೆಳಗಿನಿಂದ ಇಣುಕಿ ಮುಳುಗಿಹೋಗುತ್ತದೆ. ಮೇಲೆ ನನ್ನ ದನಿ. ಅದರ ಹಿಂದೆ ಯಾರೋ ಸತ್ತ ಹಾಗೆ ಪಿಟೀಲು.

ಮಾತಾಡುವವನ ಬಾಯಿಗೆ ಬಟ್ಟೆ ಕಟ್ಟಿ ಭಾಷಣ ತೋರಿಸಿದ ಹಾಗೆ. ಇಡೀ ಊರಿನಲ್ಲಿ ಈ ಕಾರ್ಯಕ್ರಮ ಅರ್ಥವಾಗದೆ ಹೋದದ್ದು ಕಿವುಡರಿಗೆ ಮಾತ್ರ.

ಗುಂಡಿ ಎದ್ದುಹೋಗಿ ಟಿವಿಯ ಕೆಳಗೆ ಬಗ್ಗಿ ನೋಡಿದ, ಕೈ ಅಲ್ಲೇನಾದರೂ ಬಿದ್ದಿದೆಯೋ ಎನ್ನುವ ಹಾಗೆ. ಎಲ್ಲರೂ ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಮೀಸೆಯ ಹೆಂಡತಿ ಇವರ ಕಡೆ ತಿರುಗಿ, "ಏನು ಹೇಳಿದಿರಿ?" ಎಂದು ಕೇಳಿದಳು. ಇವರು ಟಿವಿ ಆರಿಸಿ, ಹೋಗಿ ಅಂಗಿ ಬದಲಿಸಿದರು.

ಅಷ್ಟರಲ್ಲಿ ಕೆಳಗಿನ ಮನೆಯವಳು ಕಣ್ಣೊರೆಸಿಕೊಳ್ಳುತ್ತಾ ಬಂದಳು. "ಎಷ್ಟು ಚೆನ್ನಾಗಿ ಮಾಡಿದಾರೆ ಅಲ್ವಾ? ಆ ಸಂಗೀತ ಕೇಳಿ ನನಗೆ ತಡಕೊಳ್ಳೋಕೇ ಆಗಲಿಲ್ಲ."

ಬಾಗಿಲು ಹಾಕಿದೆ. ಅವಳ ಮುಖಕ್ಕೇ.

ಮಾರ್ಚ್ 18, ಸೋಮವಾರ

ಚಾನೆಲ್ಲಿನ ಆಫೀಸಿಗೆ ಹೋಗಿದ್ದೆ. ಎರಡು ಮಹಡಿ ಹತ್ತಿ ಮೇಲೆ ಹೋದರೆ ಮ್ಯಾನೇಜರು ತಂಪು ರೂಮಿನಲ್ಲಿ ಕೂತಿದ್ದ. ಗೋಡೆಯ ಮೇಲೆ ಎಲ್ಲ ಬಣ್ಣದ ಮುಖಗಳ ಚಿತ್ರ, ಎಲ್ಲವೂ ನಗುತ್ತಿವೆ.

"ಅಮ್ಮಾ, ತುಂಬ ಜನ ಫೋನ್ ಮಾಡಿ ಹೊಗಳಿದಾರೆ. ಅತ್ತುಬಿಟ್ವಿ ಅಂದಿದಾರೆ."

"ಅಳಿಸೋಕೆ ಕೂತಿರಲಿಲ್ಲ ನಮ್ಮೋರು. ಕೈ ಎಲ್ಲಿ?"

"ಕೈ ತೋರಿಸ್ಬೇಕಂದ್ರೆ ಕ್ಯಾಮೆರಾ ಹಿಂದೆ ಹೋಗ್ಬೇಕು, ಮುಖ ಚಿಕ್ಕದಾಗುತ್ತೆ. ಎಲ್ಲ ಇರೋದು ಮುಖದಲ್ಲೇ ಅಲ್ವಾ?"

"ನಾಳೆ ನೀವು ಟಿವಿಯಲ್ಲಿ ಬನ್ನಿ. ಬಾಯಿ ಬಿಟ್ಟು ಉಳಿದದ್ದೆಲ್ಲ ತೋರಿಸೋಣ, ಒಪ್ತೀರಾ? ಬರೀ ಮೊಣಕಾಲು ತೋರಿಸೋಣ."

ಅವನಿಗೆ ನಗು ಬಂತು, ತಡೆದುಕೊಂಡ. "ಅಮ್ಮಾ, ಅವರ ಮಾತು ಜನಕ್ಕೆ ಹೋಗಿದೆಯಲ್ಲ? ನೀವು ಹೇಳಿದ್ದರಲ್ಲಿ ನಾವು ಒಂದು ಪದವನ್ನೂ ಕತ್ತರಿಸಿಲ್ಲ. ಬೇಕಾದ್ರೆ ಹಾಕಿ ತೋರಿಸ್ತೀನಿ."

ಬೇಡ ಎಂದೆ. ಕೂರಲು ಕೊಟ್ಟ ಕುರ್ಚಿಯ ಕಾಲು ಅಲ್ಲಾಡುತ್ತಿತ್ತು, ಬಂದವರನ್ನು ಬೀಳಿಸಿ ಕೊಲ್ಲುತ್ತೀರಾ ಎಂದು ಬೈದು ಎದ್ದು ಬಂದೆ.

ಹುಡುಗಿ ಗೇಟಿನವರೆಗೆ ಓಡಿಬಂದಳು. "ತಪ್ಪಾಯ್ತು ಅಜ್ಜಿ. ನನಗೆ ಹೊಳೀಲೇ ಇಲ್ಲ. ಮತ್ತೆ ತೆಗೆಯೋಣ ಅಂತ ಕೇಳ್ತೀನಿ, ಸ್ವಲ್ಪ ದಿನ ಕೊಡಿ."

ಮನೆಗೆ ಬಂದು ಇವರಿಗೆ ಹೇಳಿದೆ. "ಯಾವಾಗ?" ಎಂದು ಮಾತ್ರ ಕೇಳಿದರು.

ಮಾರ್ಚ್ 26, ಮಂಗಳವಾರ

ಚಪ್ಪಲಿ ಇವರ ಪಾದಕ್ಕೆ ಹಿಡಿಯುತ್ತಿಲ್ಲ. ಕೂತೇ ನಿದ್ದೆ ಮಾಡುತ್ತಾರೆ. ಹುಡುಗಿಯ ಸುದ್ದಿ ಇಲ್ಲ. ದಿನವೂ ಕೇಳುತ್ತಾರೆ, ಟಿವಿಯವರು ಯಾವಾಗ ಬರುತ್ತಾರೆ ಎಂದು. ಕೇಳಬೇಡಿ ಎಂದು ರೇಗಿದೆ. ಕೇಳುವುದನ್ನು ಬಿಟ್ಟು ಬಾಗಿಲು ನೋಡುತ್ತಾ ಕೂರುತ್ತಾರೆ. ಅದು ಇನ್ನೂ ಕಷ್ಟ.

ಮಾರ್ಚ್ 28, ಗುರುವಾರ

ಅಡ್ಮಿಟ್ ಮಾಡಿದೆವು. ಗುಂಡಿ ಬಂದು ತೋಳು ಕೊಟ್ಟು ಮೆಟ್ಟಿಲು ಇಳಿಸಿದ. ಮೂಗಿಗೆ ಬಾಯಿಗೆ ಗಾಳಿಯ ಮುಖವಾಡ ಹಾಕಿದ್ದಾರೆ, ಕೈಗೆ ಸೂಜಿ. ಕಿವಿ ಕೇಳುವುದಿಲ್ಲ, ಕೈಯಲ್ಲಿ ಮಾತಾಡುತ್ತಾರೆ ಎಂದು ಬೆಳಗಿನ ಪಾಳಿಯ ನರ್ಸಿಗೆ ಹೇಳಿದೆ. ಅವಳು ಬರೆದುಕೊಂಡಳು. ಹೋಗಿ ಬಗ್ಗಿ ನೋಡಿದೆ. 'ಕಿವುಡು' ಎಂದಷ್ಟೇ ಬರೆದಿದ್ದಾಳೆ.

ಮಾರ್ಚ್ 30, ಶನಿವಾರ

ಮಧ್ಯಾಹ್ನ ಸ್ನಾನ ಮಾಡಿ ಬಟ್ಟೆ ತರಲು ಮನೆಗೆ ಹೋಗಿದ್ದೆ. ಹೋಗಿ ಬರುವಷ್ಟರಲ್ಲಿ ಪಾಳಿ ಬದಲಾಗಿತ್ತು.

ವಾರ್ಡಿನ ಬಾಗಿಲಲ್ಲೇ ಕಂಡಿತು. ಎರಡೂ ಕೈ ಮಂಚದ ಸರಳಿಗೆ. ಬಿಳಿ ಪಟ್ಟಿ ಬಟ್ಟೆಯಲ್ಲಿ, ನೀಟಾಗಿ, ಗಂಟಿನ ಮೇಲೆ ಗಂಟು. ಇವರು ತಲೆ ಪಕ್ಕಕ್ಕೆ ಹೊರಳಿಸಿ ಕಣ್ಣು ಮುಚ್ಚಿದ್ದರು. ಕಣ್ಣೀರು ಹರಿದು ಮುಖವಾಡದ ಅಂಚಿನಲ್ಲಿ ನಿಂತಿತ್ತು.

ಏನು ಕೂಗಿದೆನೋ ಗೊತ್ತಿಲ್ಲ. ವಾರ್ಡಿನಲ್ಲಿ ಎಲ್ಲರೂ ಎದ್ದು ಕೂತರು. ಗಂಟು ಬಿಚ್ಚಲು ಬರಲಿಲ್ಲ, ಈ ಕೈ ಎಷ್ಟು ಹೊಲಿಗೆ ಬಿಚ್ಚಿದೆ, ಆ ಗಂಟು ಬಿಚ್ಚಲು ಬರಲಿಲ್ಲ. ಹಲ್ಲಿನಲ್ಲಿ ಕಚ್ಚಿ ಎಳೆದೆ. ನರ್ಸು ಓಡಿಬಂದಳು. ಹೊಸಬಳು, ಚಿಕ್ಕ ಹುಡುಗಿ.

"ಅಜ್ಜಿ, ಅಜ್ಜಿ, ಸಮಾಧಾನ. ಕೈ ಬೀಸಾಡ್ತಾ ಇದ್ರು. ಮಾಸ್ಕ್ ಕಿತ್ತು ಹಾಕಿದ್ರೆ ಪ್ರಾಣಕ್ಕೇ ಅಪಾಯ. ಅವರ ಒಳ್ಳೆದಕ್ಕೇ ಕಟ್ಟಿದ್ದು."

"ಅದು ಬೀಸಾಟ ಅಲ್ಲ ಕಣೇ, ಮಾತು! ಅವರು ಮಾತಾಡ್ತಾ ಇದ್ರು!"

ಹುಡುಗಿ ತಾನೇ ಕತ್ತರಿ ತಂದು ಇನ್ನೊಂದು ಕೈಯದನ್ನು ಕತ್ತರಿಸಿದಳು. ಮಣಿಕಟ್ಟು ಕೆಂಪಗೆ ಕಟ್ಟಿತ್ತು. ಉಜ್ಜುತ್ತಾ ಕೂತಳು. ಆಮೇಲೆ ತಲೆ ತಗ್ಗಿಸಿಯೇ ಹೇಳಿದಳು. "ಇವರನ್ನ ಟಿವಿಯಲ್ಲಿ ನೋಡಿದೀನಿ ಅಜ್ಜಿ. ನೋಡಿದ ತಕ್ಷಣ ಗುರುತು ಸಿಕ್ಕಿತು. ನಾನು ನಮ್ಮಮ್ಮ ಇಬ್ಬರೂ ಕೂತು ನೋಡಿದ್ವಿ, ಅತ್ವಿ. ಇದನ್ನೆಲ್ಲ ಅದರಲ್ಲಿ ಹೇಳಲೇ ಇಲ್ಲವಲ್ಲ. ಹೇಳಿದ್ರೆ ನನಗೆ ಗೊತ್ತಿರ್ತಿತ್ತು."

ನಾನು ಪಟ್ಟಿ ಬಟ್ಟೆಯ ತುಂಡುಗಳನ್ನು ಆರಿಸಿ, ಮಡಚಿ, ಮತ್ತೆ ಬಿಡಿಸಿ ಮಡಚಿದೆ.

ಬೆರಳಿನ ಜೋಮು ಬಿಟ್ಟ ಮೇಲೆ ಇವರು ನಿಧಾನವಾಗಿ ಹೇಳಿದರು. ಕಿಟಕಿಯಿಂದ ಬಿಸಿಲು ನೇರ ಕಣ್ಣಿಗೆ ಬೀಳುತ್ತಿತ್ತಂತೆ. ಬಂದವರ ಮುಖವೂ ಕಾಣುವುದಿಲ್ಲ, ತುಟಿಯೂ ಕಾಣುವುದಿಲ್ಲ. ಪರದೆ ಎಳೆಯಿರಿ ಎಂದು ಕೇಳಿದರಂತೆ. ಯಾರೂ ಎಳೆಯಲಿಲ್ಲ, ಅದಕ್ಕೆ ಜೋರಾಗಿ ಕೇಳಿದರಂತೆ. ನಮ್ಮಲ್ಲಿ ಜೋರು ಎಂದರೆ ಕೈ ದೊಡ್ಡದಾಗಿ ಆಡುವುದು.

ಪರದೆ ಎಳೆದೆ.

ಏಪ್ರಿಲ್ 1, ಸೋಮವಾರ

ಮನೆಗೆ ಹೋಗಿಲ್ಲ. ಮಂಚದ ಪಕ್ಕದ ಸ್ಟೂಲಿನಲ್ಲೇ ಇದ್ದೇನೆ. ಆ ನರ್ಸು ಹುಡುಗಿ ತನ್ನ ಪಾಳಿ ಮುಗಿದ ಮೇಲೂ ಬಂದು ಪರದೆ ನೋಡಿಹೋಗುತ್ತಾಳೆ. 'ನೀರು', 'ನೋವು', 'ಹೆಂಡತಿಯನ್ನು ಕರೆ', ಇಷ್ಟು ಕೈಯಲ್ಲಿ ಕಲಿತಿದ್ದಾಳೆ. ಮೂರನೆಯದಕ್ಕೆ ಇವರು ಗಲ್ಲದ ಪಕ್ಕ ಬೆಂಕಿ ಹೊತ್ತಿಸುವುದನ್ನು ಹೇಳಿಕೊಟ್ಟಿದ್ದಾರೆ. ಕಲಿತು ನಗುತ್ತಾಳೆ. ನಗಲಿ.

ಇವರು ಇವತ್ತು ತುಂಬ ಮಾತಾಡಿದರು. ಮುಖವಾಡದೊಳಗೆ ಉಸಿರಿಗೆ ಪರದಾಟ, ಆದರೆ ಕೈಗೆ ಉಸಿರು ಬೇಡವಲ್ಲ. ನಾನು ಎದುರಿಗೆ ಕೂತು ಪೂರ್ತಿ ತೋಳೆತ್ತಿ ಉತ್ತರ ಕೊಟ್ಟೆ. ಪಕ್ಕದ ಹಾಸಿಗೆಯವನು ನೋಡುತ್ತಿದ್ದ, ಅವನನ್ನು ನೋಡಲು ಬಂದವರೂ ನೋಡುತ್ತಿದ್ದರು.

ಕೊಕ್ಕರೆಯ ವಿಷಯ ಇನ್ನೊಂದು ಸಲ ಹೇಳುತ್ತೇನೆ, ಸರಿಯಾಗಿ ನೋಡು ಎಂದರು. ನೋಡಿದೆ. ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ.

"ನಾನು ಹೋದಾಗ ಕೊಕ್ಕರೆ ನಿದ್ದೆ ಮಾಡ್ತಿದಾನೆ ಅಂದುಕೊಂಡೆ. ಹೊದಿಕೆ ಕತ್ತಿನವರೆಗೂ ಇತ್ತು. ಹೊದಿಕೆ ಒಳಗೆ ಏನೋ ಆಡ್ತಾ ಇತ್ತು, ಇಲಿ ಹೊಕ್ಕ ಹಾಗೆ. ಎತ್ತಿ ನೋಡಿದ್ರೆ ಅವನ ಕೈ. ಮಣಿಕಟ್ಟು ಸರಳಿಗೆ ಕಟ್ಟಿದ್ರು, ಬೆರಳು ಮಾತ್ರ ಆಡ್ತಿತ್ತು. ಬೆರಳಲ್ಲಿ ಎಷ್ಟು ಹೇಳೋಕಾಗುತ್ತೆ? ಪಿಸುಮಾತು. ಬಗ್ಗಿ ಓದಿದೆ. ಮಗಳು, ಅಂದ. ಪರಊರಲ್ಲಿರೋ ಮಗಳಿಗೆ ಬೇಗ ಬಾ ಅನ್ನು, ಅಂದ. ಬಂದವರಿಗೆಲ್ಲ ಅದನ್ನೇ ಹೇಳಿದಾನೆ. ಅವರಿಗೆ ಇವನಿಗೆ ತಲೆ ಕೆಟ್ಟಿದೆ ಅನಿಸಿದೆ, ಕಟ್ಟಿದಾರೆ. ನಾನು ಗಂಟಿಗೆ ಕೈ ಹಾಕಿದೆ. ವಾರ್ಡಿನವನು ಬಂದು ನನ್ನ ಎರಡೂ ಕೈ ಹಿಡಕೊಂಡ. ನನ್ನ ಕೈ ಹಿಡಿದ್ರೆ ನಾನು ಯಾಕೆ ಬಿಚ್ತಿದೀನಿ ಅಂತ ಹೇಳೋದು ಹೇಗೆ? ಕಳ್ಳನ್ನ ತಳ್ಳಿದ ಹಾಗೆ ಹೊರಗೆ ತಳ್ಳಿದ. ಬಾಗಿಲ ಗಾಜಿಂದ ಕೊಕ್ಕರೆ ನನ್ನನ್ನ ನೋಡ್ತಾ ಇದ್ದ. ನಾನು ಗಾಜಿನ ಈಚೆಯಿಂದ, ಮಗಳಿಗೆ ಹೇಳ್ತೀನಿ, ಹೇಳ್ತೀನಿ ಅಂದೆ. ಅವನಿಗೆ ಕಾಣಿಸ್ತೋ ಇಲ್ಲವೋ. ಬೆಳಗ್ಗೆ ಹೋದ್ರೆ ಹಾಸಿಗೆ ಖಾಲಿ. ಮಗಳು ಮಧ್ಯಾಹ್ನ ಬಂದಳು."

ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಹೇಳಿದರು. "ಆಸ್ಪತ್ರೆಯವರು ಕೆಟ್ಟವರು ಅಂತ ನಾನು ಹೇಳ್ತಿಲ್ಲ. ಗೊತ್ತಿಲ್ಲ ಅವರಿಗೆ. ಟಿವಿಯಲ್ಲಿ ಹೇಳಿದ್ರೆ ಗೊತ್ತಾಗುತ್ತೆ. ಸೂಜಿ ಒಂದು ಕೈಗೆ ಹಾಕಲಿ, ಇನ್ನೊಂದನ್ನ ಬಿಡಲಿ. ಅಷ್ಟು ಸಾಕು. ಒಂದು ಕೈಯಲ್ಲೂ ನಮಗೆ ಮಾತು ಬರುತ್ತೆ, ಸ್ವಲ್ಪ ತೊದಲುತ್ತೆ ಅಷ್ಟೆ."

ಟಿವಿಯ ಹುಡುಗಿಯನ್ನು ಕರೆಸುತ್ತೇನೆ, ಇಲ್ಲೇ ತೆಗೆಯಲಿ ಎಂದೆ. ಫೋನು ಮಾಡಿದೆ. ನಾಳೆ ನಾಡಿದ್ದರಲ್ಲಿ ಒಪ್ಪಿಗೆ ತೆಗೆದುಕೊಂಡು ಬರುತ್ತೇನೆ ಎಂದಳು.

ಏಪ್ರಿಲ್ 4, ಗುರುವಾರ

ಬೆಳಿಗ್ಗೆ ಹೋದರು. ಕೈಗಳು ಬಿಚ್ಚಿದ್ದವು. ಒಂದು ನನ್ನ ಕೈಯಲ್ಲಿತ್ತು. ಏನೋ ಹೇಳಲು ಬೆರಳು ಒಮ್ಮೆ ಎತ್ತಿದರು, ಅದು ಪದವಾಗಲಿಲ್ಲ.

ಏಪ್ರಿಲ್ 21, ಭಾನುವಾರ

ಬರೆಯಲು ಏನಿದೆ? ಮೂಲೆಯಲ್ಲಿ ಜನರ ಬಟ್ಟೆ ರಾಶಿ ಬಿದ್ದಿದೆ. ಬಂದು ಕೇಳುತ್ತಾರೆ, ಇನ್ನೂ ಆಗಿಲ್ಲ ಎಂದು ಬೈದು ಕಳಿಸುತ್ತೇನೆ. ಈಗ ಬಾಯಿಬಿಟ್ಟು ಬೈದರೆ ಎಲ್ಲರಿಗೂ ಕೇಳಿಸುತ್ತದೆ.

ಬೆಳಿಗ್ಗೆ ಅಡುಗೆಮನೆಯಿಂದ ಇವರನ್ನು ಕರೆಯಲು ನೆಲಕ್ಕೆ ಕಾಲು ಒದ್ದೆ. ಒದ್ದ ಮೇಲೆ ನೆನಪಾಯಿತು. ಕೆಳಗಿನ ಮನೆಯವಳು ಏನಾಯಿತೋ ಎಂದು ಓಡಿಬಂದಳು. ಅವಳನ್ನು ಕೂರಿಸಿ ಕಾಫಿ ಕೊಟ್ಟೆ.

ಸಾಯಂಕಾಲ ಟಿವಿಯ ಹುಡುಗಿ ಬಂದಳು. ಅವತ್ತು ಒಪ್ಪಿಗೆ ಸಿಕ್ಕಿದಾಗ ತಡವಾಗಿತ್ತು ಎಂದು ಅತ್ತಳು. ಮ್ಯಾನೇಜರು ಈಗ ಶ್ರದ್ಧಾಂಜಲಿ ಮಾಡೋಣ ಎನ್ನುತ್ತಿದ್ದಾನಂತೆ. ಹಳೆಯ ಮುಖ ಇದೆಯಲ್ಲ, ಅದನ್ನೇ ಹಾಕಿ, ಅದೇ ಪಿಟೀಲು ಹಾಕಿ.

"ಹಾಕಲಿ, ನಾನು ಬಂದು ಅವನ ರೂಮಿನ ಗಾಜು ಒಡೀತೀನಿ," ಎಂದೆ. "ನಾನು ಕೂರ್ತೀನಿ. ಅವರು ಹೇಳಿದ್ದನ್ನ ನಾನು ಹೇಳ್ತೀನಿ. ಮೊದಲು ಕೈಯಲ್ಲಿ, ಆಮೇಲೆ ಬಾಯಲ್ಲಿ. ಎರಡೂ ಒಟ್ಟಿಗೆ ಮಾಡಿದ್ರೆ ಎರಡೂ ಕೆಡುತ್ತೆ. ಕೈಯಲ್ಲಿ ಹೇಳುವಾಗ ಹಿಂದೆ ಏನೂ ಸದ್ದು ಇರಬಾರದು."

"ಅಷ್ಟು ಹೊತ್ತು ಸದ್ದೇ ಇಲ್ಲದಿದ್ರೆ ಜನ ಟಿವಿ ಕೆಟ್ಟಿದೆ ಅಂದ್ಕೋತಾರೆ ಅಜ್ಜಿ."

"ಅಂದ್ಕೊಳ್ಳಲಿ. ಸ್ವಲ್ಪ ಹೊತ್ತು ಅವರೂ ಕೂತ್ಕೊಂಡು ಏನೂ ಅರ್ಥ ಆಗದೆ ನೋಡಲಿ."

ಏಪ್ರಿಲ್ 27, ಶನಿವಾರ

ಕ್ಯಾಮೆರಾದವನನ್ನು ಗೋಡೆಗೆ ಅಂಟುವವರೆಗೆ ಹಿಂದೆ ಕಳಿಸಿದೆ. ತಲೆಯಿಂದ ಸೊಂಟದವರೆಗೆ, ತೋಳು ಅಗಲಿಸಿದರೆ ತೋಳೂ ಹಿಡಿಯಬೇಕು ಎಂದೆ. ಅವನು ಹಾಗೇ ಮಾಡಿದ. ಹುಡುಗಿ ಏನು ಹೇಳಿಟ್ಟಿದ್ದಳೋ.

ಕೂತೆ. ಕೊಕ್ಕರೆಯ ಹೊದಿಕೆಯಿಂದ ಶುರುಮಾಡಿ ಮಗಳು ಮಧ್ಯಾಹ್ನ ಬಂದದ್ದರವರೆಗೆ ಹೇಳಿದೆ. ಗಾಜಿನ ಹತ್ತಿರ ಬಂದಾಗ ಕೈ ನಿಂತಿತು. ಹುಡುಗಿ ನಿಲ್ಲಿಸೋಣವೇ ಎಂದು ಸನ್ನೆ ಮಾಡಿದಳು. ತಲೆ ಅಲ್ಲಾಡಿಸಿ ಮುಂದುವರಿದೆ. ಒಂದು ಕೈ ಬಿಡಿ ಎನ್ನುವುದನ್ನು ಇವರು ಹೇಳಿದ ಹಾಗೇ ಹೇಳಿದೆ.

ಆಮೇಲೆ ಬಾಯಲ್ಲಿ ಹೇಳಿದೆ. ಯಾವುದನ್ನೂ ಬಿಡಲಿಲ್ಲ. ಇವರು ಹೇಳದ್ದನ್ನೂ ಒಂದಿಷ್ಟು ಸೇರಿಸಿದೆ. ನನ್ನ ಗಂಡನ ಕೈಯನ್ನೂ ಕಟ್ಟಿದ್ದರು, ಪರದೆ ಎಳೆಯಿರಿ ಎಂದು ಕೇಳಿದ್ದಕ್ಕೆ ಎಂದೆ. ಕಟ್ಟಿದ ಹುಡುಗಿಯದು ತಪ್ಪಲ್ಲ, ಅವಳಿಗೆ ಯಾರೂ ಹೇಳಿರಲಿಲ್ಲ ಎಂದೆ. ಅಲ್ಲಿಗೆ ನಿಲ್ಲಿಸಿದೆ.

ಹುಡುಗಿ ನೀರು ತಂದುಕೊಟ್ಟಳು. ಕ್ಯಾಮೆರಾದವನು ದೀಪ ಆರಿಸಿ, ನನ್ನ ಮಿಷನ್ನನ್ನು ತಾನೇ ಎತ್ತಿ ಮೊದಲಿದ್ದ ಜಾಗದಲ್ಲಿ ಇಟ್ಟುಹೋದ.

ಮೇ 5, ಭಾನುವಾರ

ಇವತ್ತು ಬಂತು. ಗುಂಡಿ, ಮೀಸೆ, ಹೆಂಡತಿಯರು, ಕೆಳಗಿನ ಮನೆಯವಳು. ನರ್ಸು ಹುಡುಗಿ ಬರುತ್ತೇನೆ ಎಂದಿದ್ದಳು, ರಜೆ ಸಿಗಲಿಲ್ಲವಂತೆ, ವಾರ್ಡಿನ ಟಿವಿಯಲ್ಲಿ ಎಲ್ಲರಿಗೂ ಹಾಕಿ ತೋರಿಸುತ್ತೇನೆ ಎಂದು ಫೋನು ಮಾಡಿದಳು.

ಪೂರ್ತಿ ಹಾಕಿದ್ದರು. ಕೈ ಎಲ್ಲವೂ ಕಾಣುತ್ತಿತ್ತು. ಸದ್ದಿಲ್ಲ. ಕೆಳಗಿನ ಮನೆಯವಳು ಮೊದಲು ರಿಮೋಟಿಗೆ ಕೈ ಚಾಚಿದಳು, ಆಮೇಲೆ ಕೈ ಹಿಂತೆಗೆದುಕೊಂಡು ಕೂತಳು. ಗುಂಡಿ ಮ್ಯಾನೇಜರನ್ನು ಬೈಯಲು ತಯಾರಾಗಿ ಬಂದಿದ್ದ, ಬೈಯಲು ಏನೂ ಸಿಗಲಿಲ್ಲ. ಮೀಸೆಯ ಹೆಂಡತಿ ಕೊನೆಯವರೆಗೂ ಕಣ್ಣು ಮಿಟುಕಿಸಲಿಲ್ಲ. ನಾನು ಟಿವಿ ನೋಡಲಿಲ್ಲ, ಅವಳ ಮುಖ ನೋಡುತ್ತಿದ್ದೆ.

ಹೊರಡುವಾಗ ಗುಂಡಿ ಬಾಗಿಲಲ್ಲಿ ನಿಂತು ಹೇಳಿದ. "ಬೆಂಕಿ, ನೀನು ಮಾತಾಡೋದು ಅವನ ಹಾಗೇ ಇದೆ. ಪ್ರತಿ ಮಾತಿಗೂ ಮೊದಲು ಹೆಬ್ಬೆರಳು ತೋರುಬೆರಳು ಸೇರಿಸ್ತೀಯ, ಮೊಳೆ ಎತ್ತೋ ಹಾಗೆ. ನಮ್ಮಲ್ಲಿ ಹಾಗೆ ಮಾಡ್ತಿದ್ದೋನು ಅವನೊಬ್ಬನೇ. ನಾನು ಒಂದು ಗಳಿಗೆ ಮುಖ ನೋಡೋದನ್ನೇ ಮರೆತೆ. ಅವನೇ ಬಂದು ಕೂತಿದಾನೆ ಅನ್ನಿಸ್ತು."

ಏನು ಹುಚ್ಚು ಮಾತು, ಹೋಗಿ ಮನೆಗೆ ಎಂದೆ. ಎನ್ನುವಾಗ ನೋಡಿಕೊಂಡೆ. ಹೌದು, ಸೇರಿತ್ತು ಬೆರಳು.

ಇಷ್ಟು ವರ್ಷ ಎದುರಿಗೆ ಕೂತು ನೋಡಿದ್ದು, ಯಾವಾಗ ಅಂಟಿತೋ ಗೊತ್ತಾಗಲಿಲ್ಲ. ಈಗ ಗೊತ್ತಾಗಿ ಏನು ಮಾಡಲಿ? ಗುಂಡಿ ಇನ್ನು ಗುರುವಾರ ಬರುತ್ತಾನಂತೆ. ಅಲ್ಲಿಯವರೆಗೆ ಈ ಕೈ ಸುಮ್ಮನಿರಬೇಕು.